ಆಷಾಢದಲ್ಲಿ ಮೌಸ್ ಬಿಟ್ಟು ಪೆನ್ ಹಿಡಿದೆ: ಫೋಟೊ ಎಡಿಟಿಂಗ್‌ಗೆ ಟ್ಯಾಬ್ಲೆಟ್ ಆರಿಸಿ ಕೂರಿಸಿದ ದಿನಚರಿ

ತಿಪಟೂರಿನಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೊ ಇದೆ. ಮದುವೆ, ಗೃಹಪ್ರವೇಶ, ನಾಮಕರಣ, ಜೊತೆಗೆ ಹಳೆ ಫೋಟೊ ರಿಪೇರಿ. ಶೂಟಿಂಗ್ ತಮ್ಮನದು, ಎಡಿಟಿಂಗ್ ನನ್ನದು. 2025ರ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಬಲಗೈ ಮಣಿಕಟ್ಟು ಚೊಂಬು ಎತ್ತಿದರೂ ನೋಯುತ್ತಿತ್ತು. ದಿನಕ್ಕೆ ಏಳೆಂಟು ಗಂಟೆ ಮೌಸ್ ಹಿಡಿದದ್ದರ ಫಲ. ಆಷಾಢದಲ್ಲಿ ಹೇಗೂ ಮದುವೆ ಇಲ್ಲ. ಹೊಸ ಸಾಮಾನು ಕಲಿಯಲು ನಮ್ಮಂಥವರಿಗೆ ಸಿಗುವ ಬಿಡುವು ಅದೊಂದೇ. ಆ ನಾಲ್ಕೈದು ವಾರದಲ್ಲಿ ಏನು ಮಾಡಿದೆ, ಎಲ್ಲಿ ಎಡವಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಜೂನ್ 27: ಹಳೆ ತಪ್ಪು, ಹೊಸ ಆಸೆ

ಎರಡು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಟ್ಯಾಬ್ಲೆಟ್ (ಕಂಪ್ಯೂಟರ್‌ಗೆ ಜೋಡಿಸಿ ಪೆನ್ನಿನಿಂದ ಕೆಲಸ ಮಾಡುವ ಹಲಗೆ) 1,800 ರೂಪಾಯಿಗೆ ತಂದಿದ್ದೆ. ಪೆನ್ನಿಗೆ ಬ್ಯಾಟರಿ ಹಾಕಬೇಕಿತ್ತು. ಬರೆಯುವ ಜಾಗ ಅಂಗೈಯಷ್ಟೇ. ಒಂದು ವಾರ ಒದ್ದಾಡಿ ಬೀರುವಿನ ಮೇಲೆ ಇಟ್ಟೆ. ಟ್ಯಾಬ್ಲೆಟ್ ಅಂದರೆ ಇಷ್ಟೇ, ಇದು ಚಿತ್ರ ಬಿಡಿಸುವವರಿಗೆ ಅಂತ ತೀರ್ಮಾನ ಮಾಡಿಬಿಟ್ಟೆ. ಆ ತೀರ್ಮಾನದಿಂದ ಎರಡು ವರ್ಷ ಕೈ ನೋಯಿಸಿಕೊಂಡೆ.

ಈ ಸಲ ಮೊದಲು ಆಸೆಯಾದದ್ದು ಸ್ಕ್ರೀನ್ ಇರುವ ಟ್ಯಾಬ್ಲೆಟ್ ಮೇಲೆ. ಫೋಟೊ ಮೇಲೆಯೇ ಪೆನ್ ಇಟ್ಟು ಕೆಲಸ ಮಾಡಬಹುದು, ನೋಡೋಕೂ ಚೆನ್ನಾಗಿರುತ್ತದೆ. ಒಬ್ಬ ಗೆಳೆಯನ ಬಳಿ ಇತ್ತು. ಅರ್ಧ ದಿನ ಅಲ್ಲೇ ಕೂತು ಒಂದು ಮುಖ ರೀಟಚ್ ಮಾಡಿದೆ, ಅಂದರೆ ಕಲೆ, ಸುಕ್ಕು ತಿದ್ದಿದೆ. ಮೂರು ವಿಷಯ ಗೊತ್ತಾದವು. ನನ್ನ ಕೈ ಫೋಟೊದ ಕಾಲು ಭಾಗ ಮುಚ್ಚಿಬಿಡುತ್ತಿತ್ತು. ಕುತ್ತಿಗೆ ಬಗ್ಗಿಸಿಯೇ ಕೂರಬೇಕು. ಇನ್ನು ಬಣ್ಣ: ಪ್ರಿಂಟಿಗೆ ಹೊಂದುವ ಹಾಗೆ ನಮ್ಮ ಮಾನಿಟರ್ ಸರಿ ಮಾಡಿಕೊಳ್ಳಲು ನನಗೆ ತಿಂಗಳು ಹಿಡಿದಿತ್ತು. ಇನ್ನೊಂದು ಸ್ಕ್ರೀನ್ ಬಂದರೆ ಆ ಕೆಲಸ ಮತ್ತೆ ಮೊದಲಿನಿಂದ. ಅರಿಶಿನ ಹಚ್ಚಿದ ಮುಖದ ಹಳದಿ ಒಂದು ಸ್ಕ್ರೀನ್‌ನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಕಂಡರೆ ಯಾವುದನ್ನು ನಂಬೋದು? ಸ್ಕ್ರೀನ್ ಬೇಡ ಅಂತಾಯ್ತು.

ಗೊತ್ತಿಲ್ಲದವರಿಗೆ: ಸ್ಕ್ರೀನ್ ಇಲ್ಲದ್ದು ಅಂದರೆ ಬರೀ ಒಂದು ಕಪ್ಪು ಹಲಗೆ. ಕೈ ಹಲಗೆ ಮೇಲೆ, ಕಣ್ಣು ಮಾನಿಟರ್ ಮೇಲೆ.

ಜೂನ್ 29: ರಟ್ಟಿನ ಪರೀಕ್ಷೆ

ಯಾವ ಅಳತೆ ತಗೋಬೇಕು ಅನ್ನೋದೇ ದೊಡ್ಡ ಗೊಂದಲ. ಎಲ್ಲ ಕಂಪನಿಗಳೂ ಒತ್ತಡದ ಹಂತಗಳನ್ನು (ಪೆನ್ ಎಷ್ಟು ಒತ್ತಿದ್ದೇವೆ ಅಂತ ಹಲಗೆ ಎಷ್ಟು ಹಂತದಲ್ಲಿ ಗುರುತಿಸುತ್ತದೆ ಅನ್ನೋ ಸಂಖ್ಯೆ) ದೊಡ್ಡದಾಗಿ ಬರೆದಿರುತ್ತವೆ: 2048, 4096, 8192. ನಾನು ಮೊದಲು ಆ ಸಂಖ್ಯೆಯನ್ನೇ ನೋಡುತ್ತಾ ಕೂತಿದ್ದೆ. ಆಮೇಲೆ ಅನಿಸಿತು, ಮೇಜಿನ ಮೇಲೆ ಏನು ಹಿಡಿಸುತ್ತದೆ, ಕೈ ಎಷ್ಟು ಓಡಾಡುತ್ತದೆ ಅಂತ ಮೊದಲು ನೋಡಬೇಕು ಅಲ್ವಾ?

ಪ್ರಿಂಟ್ ಪೇಪರ್ ಬರುವ ರಟ್ಟಿನ ಡಬ್ಬ ಕತ್ತರಿಸಿ ಮೂರು ತುಂಡು ಮಾಡಿದೆ. ಬರೆಯುವ ಜಾಗದ ಅಳತೆಗೆ ಸರಿಯಾಗಿ:

152 × 95 ಮಿ.ಮೀ. (ವಾಕಮ್ ಕಂಪನಿಯ ಚಿಕ್ಕವು ಈ ಅಳತೆ)
216 × 135 ಮಿ.ಮೀ. (ವಾಕಮ್‌ನ ಮೀಡಿಯಂ)
254 × 159 ಮಿ.ಮೀ. (ಹುಯಾನ್ ಎಚ್610 ಪ್ರೊ ವಿ2, ಎಕ್ಸ್‌ಪಿ-ಪೆನ್ ಡೆಕೊ 01 ವಿ2, 10 × 6.25 ಇಂಚು)

ನಮ್ಮ 24 ಇಂಚಿನ ಮಾನಿಟರ್‌ನ ಅಗಲ ಟೇಪ್ ಹಿಡಿದರೆ 531 ಮಿ.ಮೀ. ಇದನ್ನು ಟ್ಯಾಬ್ಲೆಟ್ ಅಗಲದಿಂದ ಭಾಗಿಸಿದೆ. ಚಿಕ್ಕದರಲ್ಲಿ ಕೈ 1 ಸೆಂ.ಮೀ. ಸರಿದರೆ ಸ್ಕ್ರೀನ್ ಮೇಲೆ 3.5 ಸೆಂ.ಮೀ. ಓಡುತ್ತದೆ. ಮೀಡಿಯಂನಲ್ಲಿ ಸುಮಾರು 2.5, ಹತ್ತು ಇಂಚಿನದರಲ್ಲಿ 2.1. ಹಳೇ ಟ್ಯಾಬ್ಲೆಟ್ ಯಾಕೆ ಕೈಗೆ ಸಿಗದೆ ಜಾರುತ್ತಿತ್ತು ಅಂತ ಈ ಲೆಕ್ಕದಲ್ಲೇ ಗೊತ್ತಾಯಿತು. ಅದರ ಮೇಲೆ ಆಗ ನಾನು ಎರಡು ಮಾನಿಟರ್‌ಗೂ ಸೇರಿಸಿ ಹೊಂದಿಸಿದ್ದೆ. ಅಂದರೆ ಅದೂ ಡಬಲ್.

ಮೂರೂ ರಟ್ಟುಗಳನ್ನು ಕೀಬೋರ್ಡ್ ಪಕ್ಕ ಇಟ್ಟು, ಬಾಲ್ ಪೆನ್ ಹಿಡಿದು, ಸ್ಕ್ರೀನ್ ನೋಡಿಕೊಂಡು ಸುಮ್ನೆ ಗೀಚಿದೆ. ತಮ್ಮ ನೋಡಿ ಏನು ಮಾಡ್ತಿದ್ದೀಯಣ್ಣ ಅಂದ. ಹತ್ತು ಇಂಚಿನ ರಟ್ಟಿನ ಎರಡು ಮೂಲೆಗೆ ಕೈ ಚಾಚುವಾಗ ಮೊಣಕೈ ಮೇಜಿನಿಂದ ಏಳುತ್ತಿತ್ತು. ಚಿತ್ರ ಬಿಡಿಸುವವರಿಗೆ ಅದು ಒಳ್ಳೆಯದಿರಬಹುದು. ನಾನು ಮುಖವನ್ನು ಜೂಮ್ ಮಾಡಿ ಒಂದೇ ಕಡೆ ಚಿಕ್ಕ ಚಿಕ್ಕದಾಗಿ ಕೆಲಸ ಮಾಡುವವನು. ಮೊಣಕೈ ಕೆಳಗಿದ್ದು ಮುಂಗೈ ಮಾತ್ರ ಆಡಬೇಕು. ಚಿಕ್ಕ ರಟ್ಟಿನಲ್ಲಿ ಬರೀ ಬೆರಳಷ್ಟೇ ಆಡುತ್ತಿತ್ತು, ಮಣಿಕಟ್ಟಿನ ನೋವು ಹಾಗೇ ಉಳಿಯುತ್ತದೆ. ಮೀಡಿಯಂ ಸರಿಹೋಯಿತು. ಈ ಪರೀಕ್ಷೆಗೆ ಖರ್ಚು ಸೊನ್ನೆ. ನಾನು ಮಾಡಿದ್ದರಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಇದೇ.

ಜುಲೈ 1: ಆರ್ಡರ್

ಮೀಡಿಯಂ ಅಂತ ಆದ ಮೇಲೆ ಎರಡರ ನಡುವೆ ನಿಂತೆ. ವಾಕಮ್ ಇಂಟುಯೋಸ್ ಮೀಡಿಯಂ: 4096 ಹಂತ, ನಾಲ್ಕು ಬಟನ್. ಒನ್ ಬೈ ವಾಕಮ್ ಮೀಡಿಯಂ, ಸಿಟಿಎಲ್-672: 2048 ಹಂತ, ಹಲಗೆ ಮೇಲೆ ಬಟನ್ ಒಂದೂ ಇಲ್ಲ. ಎರಡರಲ್ಲೂ ಬರೆಯುವ ಜಾಗ ಅಷ್ಟೇ, ಎರಡರ ಪೆನ್ನಿಗೂ ಬ್ಯಾಟರಿ ಬೇಡ. ನನ್ನ ಎಡಗೈ ಹೇಗೂ ಕೀಬೋರ್ಡ್ ಮೇಲೇ ಇರುತ್ತದೆ. ಬ್ರಷ್ ದೊಡ್ಡದು ಚಿಕ್ಕದು ಮಾಡಲು ಬ್ರ್ಯಾಕೆಟ್ ಕೀ, ಕ್ಲೋನ್ ಮಾಡಲು (ಒಂದು ಜಾಗದ ತುಣುಕನ್ನು ಇನ್ನೊಂದು ಜಾಗಕ್ಕೆ ನಕಲಿಸಲು) ಆಲ್ಟ್. ಹದಿನೈದು ವರ್ಷದ ಅಭ್ಯಾಸ ಅದು. ಬಟನ್‌ಗೆ ಯಾಕೆ ದುಡ್ಡು ಕೊಡಲಿ?

2048 ಸಾಕಾ ಅನ್ನೋ ಅನುಮಾನ ಇತ್ತು. ಈಗ ಹೇಳುತ್ತೇನೆ, ರೀಟಚಿಂಗ್‌ಗೆ ಸಾಕು. ಯಾಕೆ ಅಂತ ಜುಲೈ 13ರ ದಿನ ಬರುತ್ತದೆ. ಸಿಟಿಎಲ್-672 ಆರ್ಡರ್ ಮಾಡಿದೆ. ಕೊರಿಯರ್ ಸೇರಿ 6,450 ರೂಪಾಯಿ ಆಯ್ತು.

ಜುಲೈ 5: ಡ್ರೈವರ್, ನನ್ನ ಮೊದಲ ತಪ್ಪು

ಬಾಕ್ಸ್‌ನಲ್ಲಿ ಹಲಗೆ, ಪೆನ್, ವಯರ್, ಮೂರು ಬಿಡಿ ನಿಬ್, ನಿಬ್ ಕೀಳುವ ಒಂದು ಪುಟ್ಟ ಉಂಗುರ. ಉಂಗುರವನ್ನು ಆಗಲೇ ಒಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಡ್ರಾಯರ್‌ಗೆ ಅಂಟಿಸಿದೆ. ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಅದು ಉಳಿಯುವ ವಸ್ತು ಅಲ್ಲ.

ಡ್ರೈವರ್ (ಟ್ಯಾಬ್ಲೆಟನ್ನು ಕಂಪ್ಯೂಟರ್‌ಗೆ ಗುರುತು ಮಾಡಿಕೊಡುವ ಸಾಫ್ಟ್‌ವೇರ್) ಹಾಕಿದೆ. ಪಾಯಿಂಟರ್ ಓಡುತ್ತಿದೆ, ಆದರೆ ಒತ್ತಡ ಇಲ್ಲ. ಮೆಲ್ಲಗೆ ಎಳೆದರೂ ಜೋರಾಗಿ ಎಳೆದರೂ ಗೆರೆ ಒಂದೇ ದಪ್ಪ. ಫೋಟೊಶಾಪ್‌ನ ಬ್ರಷ್ ಸೆಟ್ಟಿಂಗ್‌ನಲ್ಲಿ ಪೆನ್ ಪ್ರೆಶರ್ ಪಕ್ಕ ಚಿಕ್ಕ ತ್ರಿಕೋನದೊಳಗೆ ಆಶ್ಚರ್ಯಸೂಚಕ ಚಿಹ್ನೆ ತೋರಿಸುತ್ತಿತ್ತು. ಒತ್ತಡ ಕೊಡುವ ಟ್ಯಾಬ್ಲೆಟ್ ಸಿಕ್ಕಿಲ್ಲ ಅಂತ ಅದರ ಅರ್ಥ. ಮೂರು ಗಂಟೆ ಹೋಯಿತು. ಯುಎಸ್‌ಬಿ ಬದಲಾಯಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ, ಏನೂ ಆಗಲಿಲ್ಲ.

ಕಡೆಗೆ ನೋಡಿದರೆ ಎರಡು ವರ್ಷದ ಹಿಂದಿನ ಆ ಹಳೇ ಟ್ಯಾಬ್ಲೆಟ್‌ನ ಡ್ರೈವರ್ ಕಂಪ್ಯೂಟರ್‌ನಲ್ಲೇ ಇತ್ತು. ಟ್ಯಾಬ್ಲೆಟ್ ಬೀರುವಿನ ಮೇಲೆ, ಡ್ರೈವರ್ ಇಲ್ಲಿ. ಅದನ್ನು ತೆಗೆದೆ, ರೀಸ್ಟಾರ್ಟ್ ಮಾಡಿದೆ, ಹೊಸದನ್ನು ಇನ್ನೊಮ್ಮೆ ಹಾಕಿದೆ. ತ್ರಿಕೋನ ಮಾಯ, ಗೆರೆ ತೆಳ್ಳಗೆ ಶುರುವಾಗಿ ದಪ್ಪ ಆಯ್ತು. ಹೊಸ ಟ್ಯಾಬ್ಲೆಟ್ ತರುವವರು ಹಳೆಯದರ ಡ್ರೈವರ್ ಮೊದಲು ತೆಗೆಯಿರಿ.

ಜುಲೈ 6: ಹತ್ತು ರೂಪಾಯಿ ನಾಣ್ಯ

ಸೆಟ್ಟಿಂಗ್‌ನಲ್ಲಿ ಒಂದೇ ಮಾನಿಟರ್‌ಗೆ ಹೊಂದಿಸಿದೆ. ಹಾಗೆ ಮಾಡಿದರೂ ಕೈಗೂ ಕಣ್ಣಿಗೂ ಏನೋ ಸರಿ ಬರುತ್ತಿರಲಿಲ್ಲ. ಗಲ್ಲದ ಅಂಚಿನಲ್ಲಿ ಎಳೆದರೆ ಗೆರೆ ಅಂಚು ಬಿಟ್ಟು ಹೊರಗೆ ಹೋಗುತ್ತಿತ್ತು.

ಟ್ಯಾಬ್ಲೆಟ್ ಮೇಲೆ ಹತ್ತು ರೂಪಾಯಿ ನಾಣ್ಯ ಇಟ್ಟು ಸುತ್ತಲೂ ಪೆನ್ ಎಳೆದೆ. ಸ್ಕ್ರೀನ್ ಮೇಲೆ ಬಂದದ್ದು ದುಂಡು ಅಲ್ಲ, ಅಡ್ಡಕ್ಕೆ ಉಬ್ಬಿದ ಮೊಟ್ಟೆ. ಅಳೆದರೆ ಅಗಲ 251 ಪಿಕ್ಸೆಲ್, ಎತ್ತರ 226. ಕಾರಣ ಸರಳ. ಮಾನಿಟರ್ 1920 × 1080, ಅಂದರೆ 16ಕ್ಕೆ 9. ಟ್ಯಾಬ್ಲೆಟ್ 216 × 135, ಅಂದರೆ 16ಕ್ಕೆ 10. ಇಡೀ ಹಲಗೆಯನ್ನು ಇಡೀ ಸ್ಕ್ರೀನ್‌ಗೆ ಹೊಂದಿಸಿದಾಗ ಅಡ್ಡಕ್ಕೆ ನೂರಕ್ಕೆ ಹನ್ನೊಂದು ಜಾಸ್ತಿ ಎಳೆಯುತ್ತದೆ.

ಡ್ರೈವರ್‌ನ ಮ್ಯಾಪಿಂಗ್ ಪುಟದಲ್ಲಿ ಫೋರ್ಸ್ ಪ್ರೊಪೋರ್ಶನ್ಸ್ ಅನ್ನೋದಕ್ಕೆ ಟಿಕ್ ಹಾಕಿದೆ. ಈಗ ಹಲಗೆಯ ಕೆಳಗಿನ ಸುಮಾರು 13.5 ಮಿ.ಮೀ. ಪಟ್ಟಿ ಕೆಲಸ ಮಾಡುವುದಿಲ್ಲ, ಬಳಕೆಗೆ ಉಳಿದದ್ದು 216 × 121.5. ಮತ್ತೆ ನಾಣ್ಯ ಇಟ್ಟು ಎಳೆದೆ: 251ಕ್ಕೆ 250. ದುಂಡಗೆ ಬಂತು. ಎರಡು ವರ್ಷದ ಹಿಂದೆ ಇದನ್ನು ಮಾಡಿದ್ದಿದ್ದರೆ ಅನಿಸಿತು. ಯಾರು ಟ್ಯಾಬ್ಲೆಟ್ ತಂದರೂ ಮೊದಲ ದಿನವೇ ಈ ನಾಣ್ಯದ ಪರೀಕ್ಷೆ ಮಾಡಿ. ಕೈ ಒಮ್ಮೆ ತಪ್ಪು ಅಳತೆಗೆ ಒಗ್ಗಿಕೊಂಡರೆ ಬಿಡಿಸುವುದು ಕಷ್ಟ.

ಜುಲೈ 7: ಉಂಗುರ ಬರುವುದು, ಫೈಲ್ ಹೆಸರು ತಪ್ಪಿದ್ದು

ಪೆನ್ ಒಂದೇ ಕಡೆ ಒತ್ತಿ ಹಿಡಿದರೆ ಸುತ್ತ ಒಂದು ಉಂಗುರ ಬಂದು ರೈಟ್ ಕ್ಲಿಕ್ ಆಗುತ್ತಿತ್ತು. ಇದು ವಿಂಡೋಸ್‌ನ ಪೆನ್ ಸೆಟ್ಟಿಂಗ್. ಬೇಕಾದವರಿಗೆ ಅನುಕೂಲ, ರೀಟಚಿಂಗ್‌ನಲ್ಲಿ ಅಡ್ಡಿ. ನಾನು ಟ್ಯಾಬ್ಲೆಟ್ ಡ್ರೈವರ್‌ನಲ್ಲಿ ವಿಂಡೋಸ್ ಇಂಕ್ (ವಿಂಡೋಸ್‌ನದೇ ಪೆನ್ ವ್ಯವಸ್ಥೆ) ಟಿಕ್ ತೆಗೆದೆ. ಉಂಗುರ ಹೋಯಿತು, ಜೊತೆಗೆ ಫೋಟೊಶಾಪ್‌ನಲ್ಲಿ ಒತ್ತಡವೂ ಹೋಯಿತು.

ಅದಕ್ಕೆ ಫೋಟೊಶಾಪ್‌ನ ಸೆಟ್ಟಿಂಗ್ಸ್ ಫೋಲ್ಡರ್‌ನಲ್ಲಿ ಪಿಎಸ್‌ಯೂಸರ್‌ಕಾನ್ಫಿಗ್ ಅನ್ನೋ ಟೆಕ್ಸ್ಟ್ ಫೈಲ್ ಮಾಡಿ, ಅದರೊಳಗೆ ಯೂಸ್‌ಸಿಸ್ಟಮ್‌ಸ್ಟೈಲಸ್ ಅಂತ ಬರೆದು ಪಕ್ಕದಲ್ಲಿ ಸೊನ್ನೆ ಹಾಕಬೇಕು. ಹಾಕಿದೆ. ಆದರೂ ಇಲ್ಲ. ಒಂದು ಗಂಟೆ ಆದ ಮೇಲೆ ಗೊತ್ತಾಯಿತು: ನೋಟ್‌ಪ್ಯಾಡ್‌ನಲ್ಲಿ ನಾನೇ ಟಿಎಕ್ಸ್‌ಟಿ ಅಂತ ಟೈಪ್ ಮಾಡಿದ್ದೆ, ನೋಟ್‌ಪ್ಯಾಡ್ ಇನ್ನೊಂದು ಟಿಎಕ್ಸ್‌ಟಿ ಸೇರಿಸಿತ್ತು. ಫೈಲ್ ಹೆಸರಿನ ಬಾಲ ಅಡಗಿಸಿಟ್ಟಿದ್ದರಿಂದ ಕಣ್ಣಿಗೆ ಕಾಣಲಿಲ್ಲ. ಹೆಸರು ಸರಿ ಮಾಡಿ ಫೋಟೊಶಾಪ್ ಮುಚ್ಚಿ ತೆರೆದೆ. ಎರಡೂ ಸರಿ.

ಜುಲೈ 9: ಮೇಜು

ಮೇಜಿನ ಎತ್ತರ 30 ಇಂಚು. ಮೇಲೆ ಟ್ಯಾಬ್ಲೆಟ್ ಇಟ್ಟು ಕೂತರೆ ಭುಜ ಎತ್ತಿಕೊಂಡೇ ಇರುತ್ತದೆ. ಎರಡು ದಿನದಲ್ಲಿ ಕುತ್ತಿಗೆ ಪಕ್ಕ ಬಿಗಿ ಶುರುವಾಯಿತು. ಕೆಳಗೆ ಎಳೆಯುವ ಕೀಬೋರ್ಡ್ ಟ್ರೇ ಇದೆ, 26 ಇಂಚಿಗೆ. ಅದಕ್ಕೆ ಇಳಿಸಿದೆ. ಎತ್ತರ ಹಿತವಾಯಿತು, ಆದರೆ ಟ್ರೇ ಅಲುಗಾಡುತ್ತದೆ. ಪೆನ್ ಒತ್ತಿದಾಗೆಲ್ಲ ಹಲಗೆ ಒಂದು ಕೂದಲಷ್ಟು ಕೆಳಗೆ ಹೋಗುತ್ತಿತ್ತು.

ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕು ಎಲ್ ಆ್ಯಂಗಲ್ ತಂದೆ, ಒಂದಕ್ಕೆ 12 ರೂಪಾಯಿ. ಸ್ಕ್ರೂ 20 ರೂಪಾಯಿ. ಟ್ರೇಯನ್ನು ಹೊರಗೆ ಎಳೆದ ಜಾಗದಲ್ಲೇ ಬಿಗಿ ಮಾಡಿಬಿಟ್ಟೆ. ಇನ್ನು ಒಳಗೆ ತಳ್ಳುವ ಹಾಗಿಲ್ಲ, ಪರವಾಗಿಲ್ಲ. ಮೊದಲ ಸಲ ಉದ್ದದ ಸ್ಕ್ರೂ ಹಾಕಿ ಟ್ರೇ ಮೇಲೆ ಮೊನೆ ಬಂದಿತ್ತು. ತೆಗೆದು ಅರ್ಧ ಇಂಚಿನದು ಹಾಕಿದೆ.

ಟ್ಯಾಬ್ಲೆಟ್ ನನ್ನ ಎದೆಗೆ ನೇರವಾಗಿ, ಕೀಬೋರ್ಡ್ ಎಡಕ್ಕೆ. ಮೊದಲು ಟ್ಯಾಬ್ಲೆಟನ್ನು ಮೌಸ್ ಇದ್ದ ಜಾಗದಲ್ಲಿ, ಬಲಕ್ಕೆ ಇಟ್ಟಿದ್ದೆ. ಅದು ತಪ್ಪು. ಬಲಕ್ಕಿದ್ದರೆ ಹಲಗೆ ಓರೆ ಆಗುತ್ತದೆ, ನೇರ ಎಳೆದ ಗೆರೆ ಸ್ಕ್ರೀನ್ ಮೇಲೆ ಸೊಟ್ಟ ಬರುತ್ತದೆ.

ಕೈ ಬೆವರಿಗೆ ಒಂದು ಉಪಾಯ: ನೆಗೆಟಿವ್ ಹಿಡಿಯಲು ಇಟ್ಟುಕೊಂಡಿದ್ದ ಬಿಳಿ ಹತ್ತಿ ಗ್ಲೌಸ್ ಸ್ಟುಡಿಯೊದಲ್ಲಿ ಹಾಗೇ ಬಿದ್ದಿದ್ದವು. ಒಂದರ ಹೆಬ್ಬೆರಳು, ತೋರುಬೆರಳು, ನಡುಬೆರಳು ಕತ್ತರಿಸಿದೆ. ಕಿರುಬೆರಳ ಕಡೆ ಹಲಗೆ ಮೇಲೆ ಸಲೀಸಾಗಿ ಜಾರುತ್ತದೆ.

ಜುಲೈ 11: ಅಜ್ಜಿಯ ಫೋಟೊ ಕೆಡಿಸಿದ್ದು

ಪೆನ್ನಿನಲ್ಲಿ ಮಾಡಿದ ಮೊದಲ ನಿಜವಾದ ಕೆಲಸ. ಹಳ್ಳಿಯಿಂದ ಒಬ್ಬ ಅಜ್ಜಿ ತಮ್ಮ ಯಜಮಾನರ ಕಪ್ಪು ಬಿಳುಪು ಫೋಟೊ ತಂದಿದ್ದರು. ಪೋಸ್ಟ್‌ಕಾರ್ಡ್ ಅಳತೆ. ಎಡಗೆನ್ನೆ ಮೇಲೆ ಅಡ್ಡಕ್ಕೆ ಮಡಿಕೆ ಬಿದ್ದು ಬಿಳಿ ಗೆರೆ, ಮೂಲೆಯಲ್ಲಿ ಹುಳ ತಿಂದ ತೂತು. 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕೆ) ಸ್ಕ್ಯಾನ್ ಮಾಡಿದೆ.

ಎರಡು ಗಂಟೆ ಕೂತೆ. ದೂರದಿಂದ ನೋಡಿದರೆ ಚೆನ್ನಾಗಿದೆ. ಹತ್ತಿರ ಹೋದರೆ ಕೆನ್ನೆ ತುಂಬಾ ಮಸಿ ಮೆತ್ತಿದ ಹಾಗೆ ಕಲೆ ಕಲೆ. ಕಾರಣ ಹುಡುಕಿದೆ. ಬ್ರಷ್‌ಗೆ ಒತ್ತಡದಿಂದ ಅಳತೆಯೂ ಬದಲಾಗುವ ಹಾಗೆ, ಓಪ್ಯಾಸಿಟಿಯೂ (ಬಣ್ಣ ಎಷ್ಟು ಗಾಢ ಅನ್ನೋದು) ಬದಲಾಗುವ ಹಾಗೆ ಎರಡನ್ನೂ ಒಟ್ಟಿಗೆ ಇಟ್ಟಿದ್ದೆ. ಪೆನ್ ಇದೆ, ಎಲ್ಲವನ್ನೂ ಬಳಸೋಣ ಅನ್ನೋ ಉತ್ಸಾಹ. ಮೆಲ್ಲಗೆ ಎಳೆದರೆ ಬ್ರಷ್ ಚಿಕ್ಕದಾಗಿ ಅಂಚು ಎದ್ದು ಕಾಣುತ್ತಿತ್ತು. ಜೊತೆಗೆ ಬ್ರಷ್‌ನ ಸ್ಮೂತಿಂಗ್ (ಗೆರೆಯ ನಡುಕ ತಗ್ಗಿಸುವ ಸೆಟ್ಟಿಂಗ್) ಮೊದಲಿನಿಂದ ಇದ್ದ 10ರಲ್ಲೇ ಬಿಟ್ಟಿದ್ದೆ. ಗೆರೆ ಕೈಯ ಹಿಂದೆ ಹಿಂದೆ ಬರುತ್ತಿತ್ತು.

ಆವತ್ತಿನಿಂದ ಮೂರು ಬ್ರಷ್ ಬೇರೆ ಬೇರೆ ಮಾಡಿ ಸೇವ್ ಮಾಡಿಟ್ಟೆ. ಹೀಲಿಂಗ್ (ಕಲೆ ಅಳಿಸುವುದು) ಮತ್ತು ಕ್ಲೋನ್‌ಗೆ ಒತ್ತಡದಿಂದ ಅಳತೆ ಮಾತ್ರ. ಬೆಳಕು ನೆರಳು ತಿದ್ದುವ ಡಾಡ್ಜ್ ಆ್ಯಂಡ್ ಬರ್ನ್‌ಗೆ ಒತ್ತಡದಿಂದ ಫ್ಲೋ (ಬಣ್ಣ ಎಷ್ಟು ಹರಿಯುತ್ತದೆ ಅನ್ನೋದು) ಮಾತ್ರ, ಅದೂ 8ಕ್ಕೆ ಇಳಿಸಿ, ಅಂಚು ಪೂರ್ತಿ ಮೃದು. ಕೂದಲ ಮಾಸ್ಕ್‌ಗೆ (ಒಂದು ಭಾಗವನ್ನು ಕಾಣದ ಹಾಗೆ ಮರೆಮಾಡುವುದು) ಒತ್ತಡದಿಂದ ಅಳತೆ, ಅಂಚು ಸ್ವಲ್ಪ ಗಟ್ಟಿ. ಮುಡಿದ ಮಲ್ಲಿಗೆ ದಂಡೆಯಿಂದ ಹೊರಗೆ ಬಂದ ಒಂದೊಂದು ಎಳೆ ಕೂದಲನ್ನೂ ಈ ಮೂರನೆಯದರಲ್ಲಿ ಎಳೆಯಬಹುದು. ಬುಡದಲ್ಲಿ ಒತ್ತಿ ತುದಿಗೆ ಬರುವಾಗ ಕೈ ಎತ್ತಿದರೆ ಕೂದಲು ಕೂದಲಿನ ಹಾಗೇ ಬರುತ್ತದೆ. ಮೌಸ್‌ನಲ್ಲಿ ಇದು ಆಗದ ಮಾತು. ಸ್ಮೂತಿಂಗ್ ಎಲ್ಲದರಲ್ಲೂ ಸೊನ್ನೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಮರುದಿನ ಅಜ್ಜಿ ಬಂದು ಸ್ಕ್ರೀನ್ ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹುಬ್ಬಿನ ಮೇಲೆ ಗುರುತು ಇತ್ತಲ್ಲಪ್ಪಾ, ಎಲ್ಲಿ ಹೋಯ್ತು?" ಅಂದರು. ನಾನು ಅದನ್ನು ಫೋಟೊ ಮೇಲಿನ ಗೀರು ಅಂದುಕೊಂಡಿದ್ದೆ. "ಗೀರಲ್ಲ ಅದು. ಎತ್ತು ಹಾಯ್ದಿದ್ದು, ಮದ್ವೆಗೂ ಮುಂಚೆ." ಪುಣ್ಯಕ್ಕೆ ಎಲ್ಲ ತಿದ್ದುಪಡಿಯನ್ನೂ ಬೇರೆ ಖಾಲಿ ಲೇಯರ್ (ಫೋಟೊ ಮೇಲಿನ ಪಾರದರ್ಶಕ ಪದರ) ಮೇಲೆ ಮಾಡಿದ್ದೆ. ಅಷ್ಟು ಜಾಗಕ್ಕೆ ಮಾಸ್ಕ್ ಹಾಕಿ ಗುರುತನ್ನು ವಾಪಸ್ ತಂದೆ. ಈಗ ಹಳೆ ಫೋಟೊ ತಗೊಳ್ಳುವಾಗಲೇ ಮುಖದ ಮೇಲಿನ ಮಚ್ಚೆ, ಗಾಯದ ಗುರುತು ಯಾವುದು ಅಂತ ಕೇಳಿ ಕವರ್ ಮೇಲೆ ಬರೆದುಕೊಳ್ಳುತ್ತೇನೆ. ಮೌಸ್‌ನಲ್ಲಿ ಕೆಲಸ ನಿಧಾನ, ತೆಗೆಯುವ ಮುಂಚೆ ಯೋಚಿಸುವ ಹೊತ್ತು ಸಿಗುತ್ತಿತ್ತು. ಪೆನ್ನಿನಲ್ಲಿ ಕೈ ಮುಂದೆ ಹೋಗಿಬಿಡುತ್ತದೆ.

ಜುಲೈ 13: ದೊಡ್ಡಪ್ಪ

ಭಾನುವಾರ. ದೊಡ್ಡಪ್ಪ ಸ್ಟುಡಿಯೊಗೆ ಬಂದರು. ಅವರು ನೆಗೆಟಿವ್ ರೀಟಚ್ ಮಾಡುತ್ತಿದ್ದವರು. ಇಳಿಜಾರಾದ ಡೆಸ್ಕ್, ನಡುವೆ ಮಸುಕು ಗಾಜು, ಕೆಳಗಿನ ಕನ್ನಡಿಯಿಂದ ಬೆಳಕು. ನೆಗೆಟಿವ್‌ಗೆ ಮೀಡಿಯಂ ಅನ್ನೋ, ಪೆನ್ಸಿಲ್ ಹಿಡಿಯುವ ಹಾಗೆ ಮಾಡುವ ದ್ರವ ಸವರಿ, ಸ್ಯಾಂಡ್ ಪೇಪರ್ ಮೇಲೆ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್‌ನಿಂದ ಮುಖದ ಸುಕ್ಕು ತುಂಬುವುದು. ನೆಗೆಟಿವ್ ಮೇಲೆ ಪೆನ್ಸಿಲ್ ಬಿದ್ದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ನಾವು ಈಗ ಡಾಡ್ಜ್ ಅನ್ನುವುದೂ ಅದೇ ಕೆಲಸ.

ಅವರು ನನ್ನ ಹಿಂದೆ ನಿಂತು ಹತ್ತು ನಿಮಿಷ ನೋಡಿದರು.

"ಕೈ ಭಾರ ಹಾಕ್ತಿದ್ದೀಯ. ಪೆನ್ಸಿಲ್ ಭಾರದಲ್ಲೇ ಕೆಲಸ ಆಗ್ಬೇಕು."

"ಒತ್ತದಿದ್ರೆ ಇದರಲ್ಲಿ ಗೆರೆನೇ ಬರಲ್ಲ ದೊಡ್ಡಪ್ಪ."

"ಹಾಗಾದ್ರೆ ಅದನ್ನ ಸರಿ ಮಾಡು. ಕೊಡು ಇಲ್ಲಿ."

ಪೆನ್ನನ್ನು ಅವರು ನನ್ನ ಹಾಗೆ ತುದಿಯಲ್ಲಿ ಹಿಡಿಯಲಿಲ್ಲ. ಒಂದು ಇಂಚು ಹಿಂದೆ, ಸಡಿಲವಾಗಿ ಹಿಡಿದರು. ಗೆರೆ ಎಳೆಯಲೂ ಇಲ್ಲ. ಅಲ್ಪವಿರಾಮದ ಹಾಗೆ ಪುಟ್ಟ ಪುಟ್ಟ ಚುಕ್ಕೆ, ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಬೀಳದ ಹಾಗೆ. ಹಲಗೆ ನೋಡುವುದಾ ಸ್ಕ್ರೀನ್ ನೋಡುವುದಾ ಅಂತ ಒಂದೆರಡು ನಿಮಿಷ ತಡವರಿಸಿದರು. ಆಮೇಲೆ ಕಣ್ಣ ಕೆಳಗಿನ ಕಪ್ಪು ನಿಧಾನಕ್ಕೆ ತಿಳಿಯಾಗುತ್ತಾ ಬಂತು. ಚರ್ಮದ ರಂಧ್ರ ಒಂದೂ ಅಳಿಸಲಿಲ್ಲ. ಎಪ್ಪತ್ತೆರಡು ವರ್ಷದ ಕೈ ಅದು, ನಡುಕ ಇದೆ. ಆ ನಡುಕ ಸ್ಕ್ರೀನ್ ಮೇಲೆ ಕಾಣಲೇ ಇಲ್ಲ.

ಅವರು ಹೋದ ಮೇಲೆ ಡ್ರೈವರ್‌ನಲ್ಲಿ ಪೆನ್ ಎಷ್ಟು ಒತ್ತಬೇಕು ಅಂತ ಹೊಂದಿಸುವ ಟಿಪ್ ಫೀಲ್ ಸ್ಲೈಡರ್ ತೆರೆದೆ. ನಡುವೆ ಇದ್ದದ್ದನ್ನು ಮೃದುವಿನ ಕಡೆಗೆ ಎರಡು ಮೆಟ್ಟಿಲು ಸರಿಸಿದೆ. ಪೆನ್ ಸುಮ್ಮನೆ ತಾಗಿಸಿದರೆ ಸಾಕು, ತೆಳು ಬಣ್ಣ ಬರುತ್ತದೆ. ಅದರಿಂದ ಒಂದು ಮಾತು ಗೊತ್ತಾಯಿತು. ನಾನು ಮುಖದ ಮೇಲೆ ಬಳಸುವುದು ಒತ್ತಡದ ಮೊದಲ ಕಾಲು ಭಾಗವನ್ನು ಮಾತ್ರ, ಫ್ಲೋ ಬೇರೆ 8ರಲ್ಲಿದೆ. ಹಂತ 2048 ಇದ್ದರೇನು, 8192 ಇದ್ದರೇನು, ನನ್ನ ಕೈಗೆ ವ್ಯತ್ಯಾಸ ಸಿಗುವುದಿಲ್ಲ. ಸಿಗುವುದು ಪೆನ್ ಎಷ್ಟು ಹಗುರಕ್ಕೆ ಶುರುವಾಗುತ್ತದೆ ಅನ್ನುವುದು. ಅಂಗಡಿಯಲ್ಲಿ ಟ್ಯಾಬ್ಲೆಟ್ ಮುಟ್ಟಿ ನೋಡುವ ಅವಕಾಶ ಸಿಕ್ಕರೆ ಅದನ್ನೇ ನೋಡಿ: ಪೆನ್ನಿನ ಭಾರಕ್ಕೇ ಗೆರೆ ಬೀಳುತ್ತಾ?

ಜುಲೈ 20: ಮ್ಯಾಟ್ ಹಾಳೆ, ಟೈಮು

ಹಲಗೆ ಮೇಲೆ ನಡುವಿನಲ್ಲಿ ಹೊಳಪು ಬರಲು ಶುರುವಾಗಿತ್ತು. ನಾನು ಒಂದೇ ಜಾಗದಲ್ಲಿ ಕೆಲಸ ಮಾಡುವುದರಿಂದ ಅಲ್ಲೇ ಸವೆತ. ಮೊದಲು ಒಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಹಾಕಿ ನೋಡಿದೆ. ಗಾಜಿನ ಮೇಲೆ ಬರೆದ ಹಾಗೆ ಜಾರಿತು, ಅರ್ಧ ಗಂಟೆಗೆ ತೆಗೆದೆ. ಆಮೇಲೆ ನಮ್ಮಲ್ಲೇ ಇರುವ ಮ್ಯಾಟ್ ಲ್ಯಾಮಿನೇಷನ್ ನೆನಪಾಯಿತು. ತೆಳು ಫೋಟೊ ಪೇಪರ್‌ಗೆ ಮ್ಯಾಟ್ ಫಿಲ್ಮ್ ಅಂಟಿಸಿ, 230 × 150 ಮಿ.ಮೀ. ಕತ್ತರಿಸಿ, ನಾಲ್ಕು ಮೂಲೆಗೆ ಮಾಸ್ಕಿಂಗ್ ಟೇಪ್ ಹಾಕಿದೆ. ಪೆನ್ ಅದರ ಮೂಲಕವೂ ಸರಿಯಾಗಿ ಕೆಲಸ ಮಾಡುತ್ತದೆ, ಕಾಗದದ ಮೇಲೆ ಬರೆದ ಹಿಡಿತ ಇದೆ. ಕೆಲಸ ಮಾಡದ ಆ 13.5 ಮಿ.ಮೀ. ಪಟ್ಟಿಯನ್ನು ಅದರ ಮೇಲೇ ಮಾರ್ಕರ್‌ನಲ್ಲಿ ಗೆರೆ ಹಾಕಿ ಗುರುತು ಮಾಡಿದೆ.

ಒಂದೇ ಥರದ ಕ್ಲೋಸಪ್ ಮುಖಕ್ಕೆ ಹಿಡಿದ ಹೊತ್ತು ಬರೆದಿಟ್ಟಿದ್ದೆ. ಮೌಸ್‌ನಲ್ಲಿ 14 ನಿಮಿಷ. ಪೆನ್ ಹಿಡಿದ ಮೊದಲ ವಾರ 25. ಆ ವಾರವೇ ಎಲ್ಲರೂ ಬಿಟ್ಟುಬಿಡುವುದು, ನಾನೂ ಹಿಂದೆ ಬಿಟ್ಟಿದ್ದು. ಈ ದಿನ 11. ಮೌಸನ್ನು ವಯರ್ ಸುತ್ತಿ ಡ್ರಾಯರ್‌ಗೆ ಹಾಕಿದ್ದರಿಂದ ಇಷ್ಟು ಬೇಗ ಬಂತು, ಕೈಗೆ ಸಿಕ್ಕರೆ ಖಂಡಿತ ಹಿಡಿಯುತ್ತಿದ್ದೆ.

ಆಗಸ್ಟ್ 10: ಶ್ರಾವಣದ ಮೊದಲ ಆಲ್ಬಂ

12 × 36 ಇಂಚಿನ 34 ಶೀಟ್ ಮುಗಿಯಿತು. ಒಂದು ಮುಖಕ್ಕೆ 9 ನಿಮಿಷಕ್ಕೆ ಬಂದಿದ್ದೇನೆ. ಬಾಸಿಂಗದ ಕೆಳಗೆ ಹಣೆ ಮೇಲೆ ಫ್ಲಾಶ್ ಹೊಳಪು, ಮೂಗುಬೊಟ್ಟಿನ ಪಕ್ಕದ ನೆರಳು, ಇವೆಲ್ಲ ಈಗ ಬೇಗ ಆಗುತ್ತವೆ. ಶೀಟ್‌ಗೆ ಫೋಟೊ ಜೋಡಿಸುವ ಕೆಲಸಕ್ಕೆ ಮಾತ್ರ ಮೌಸ್ ವಾಪಸ್ ತೆಗೆದಿದ್ದೇನೆ, ಎಡಗೈಗೆ. ಚೌಕ ಹಿಡಿದು ಅಂಚಿಗೆ ಅಂಚು ಕೂರಿಸುವುದು ಪೆನ್ನಿನಲ್ಲಿ ಇನ್ನೂ ನನಗೆ ಒಗ್ಗಿಲ್ಲ.

ಖರ್ಚು: ಟ್ಯಾಬ್ಲೆಟ್ 6,450, ಆ್ಯಂಗಲ್ 48, ಸ್ಕ್ರೂ 20. ಒಟ್ಟು 6,518 ರೂಪಾಯಿ. ರಟ್ಟು, ಗ್ಲೌಸ್, ಮ್ಯಾಟ್ ಹಾಳೆ ಸ್ಟುಡಿಯೊದವೇ.

ಮಣಿಕಟ್ಟಿನ ನೋವು ಪೂರ್ತಿ ಹೋಗಿಲ್ಲ. ಸಂಜೆ ಹೊತ್ತಿಗೆ ಸ್ವಲ್ಪ ಇರುತ್ತದೆ. ಚೊಂಬು ಎತ್ತುವಾಗ ಈಗ ನೋಯುವುದಿಲ್ಲ.

ನಿಬ್ ತೆಗೆದು ಹೊಸದರ ಪಕ್ಕ ಇಟ್ಟು ನೋಡಿದೆ. ಒಂದು ಕಡೆ ಚಪ್ಪಟೆಯಾಗಿ ಅರ್ಧ ಮಿ.ಮೀ.ನಷ್ಟು ಸವೆದಿದೆ. ಅರ್ಧ ಸುತ್ತು ತಿರುಗಿಸಿ ಅದನ್ನೇ ಮತ್ತೆ ಹಾಕಿದೆ. ಮ್ಯಾಟ್ ಹಾಳೆ ನಾಳೆ ಬದಲಾಯಿಸಬೇಕು, ನಡುವೆ ಬಿಳುಚಿದೆ.